ಅನ್ಯರ ಹಬ್ಬ ಮತ್ತು ಶ್ರಾವಕನ ಶ್ರದ್ಧೆ

ಡಿಸೆಂಬರ್ ತಿಂಗಳ ಮೂರನೆಯ ವಾರ ಬಂತೆಂದರೆ ನಗರವಾಸಿಗಳಾದ ಅನೇಕ ಜೈನ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಶಾಲೆಯಲ್ಲಿ ಓದುವ ಮಗು ಬಣ್ಣದ ಕಾಗದದ ನಕ್ಷತ್ರವನ್ನು ತಂದು ಬಾಗಿಲಿಗೆ ತೂಗುಹಾಕಬೇಕೆನ್ನುತ್ತದೆ. ನೆರೆಯ ಕ್ರೈಸ್ತ ಕುಟುಂಬದಿಂದ ತಿಂಡಿಯ ತಟ್ಟೆ ಬರುತ್ತದೆ. ಕಚೇರಿಯಲ್ಲಿ ಸಹೋದ್ಯೋಗಿಗಳು ಕೇಕು ಕತ್ತರಿಸಿ ಎಲ್ಲರಿಗೂ ಹಂಚುತ್ತಾರೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ಜಪಕ್ಕೆ ಕುಳಿತ ಮನೆಯ ಹಿರಿಯಾಕೆ ಇದೆಲ್ಲ ಮಿಥ್ಯಾತ್ವವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಓದಿದ ಮಗ, ಇದರಲ್ಲಿ ಏನಿದೆ, ಎಲ್ಲ ಧರ್ಮಗಳೂ ಒಂದೇ ಅಲ್ಲವೇ ಎನ್ನುತ್ತಾನೆ. ನಡುವೆ ನಿಂತ ಮಗುವಿಗೆ ಅಜ್ಜಿಯ ಮಾತೂ ತಿಳಿಯುವುದಿಲ್ಲ, ಅಪ್ಪನ ಮಾತೂ ತಿಳಿಯುವುದಿಲ್ಲ.

ಈ ಎರಡು ಉತ್ತರಗಳೂ ವಿಚಾರಮಾಡುವ ಶ್ರಮವನ್ನು ತಪ್ಪಿಸುತ್ತವೆ ಎಂಬಲ್ಲಿ ಅವುಗಳಿಗೆ ಸಾಮ್ಯವಿದೆ. ಮೊದಲನೆಯದು ನೆರೆಯವನ ಹಬ್ಬದಲ್ಲಿ ಏನಿದೆಯೆಂದು ನೋಡದೆಯೇ ಅದನ್ನು ನಿರಾಕರಿಸುತ್ತದೆ. ಎರಡನೆಯದು ತನ್ನ ದರ್ಶನದಲ್ಲಿ ಏನಿದೆಯೆಂದು ನೋಡದೆಯೇ ಅದನ್ನು ಎಲ್ಲದರೊಡನೆ ಬೆರೆಸುತ್ತದೆ. ಈ ಎರಡನೆಯ ಉತ್ತರಕ್ಕೆ ಅನೇಕಾಂತದ ಹೆಸರನ್ನು ಇಡುವುದು ಇತ್ತೀಚಿನ ರೂಢಿಯಾಗಿದೆ. ಆದರೆ ಅನೇಕಾಂತವು ಎಲ್ಲ ಮಾತುಗಳೂ ಸಮಾನವಾಗಿ ಸತ್ಯವೆಂದು ಎಲ್ಲಿಯೂ ಸಾರಿಲ್ಲ. ವಸ್ತುವಿಗೆ ಅನಂತ ಧರ್ಮಗಳಿವೆ. ಒಂದು ಮಾತು ಯಾವ ಅಪೇಕ್ಷೆಯಿಂದ ನಿಜ, ಯಾವ ಅಪೇಕ್ಷೆಯಿಂದ ನಿಜವಲ್ಲ ಎಂಬುದನ್ನು ಬಿಡಿಸಿ ಹೇಳಬೇಕು ಎಂಬುದೇ ಸ್ಯಾದ್ವಾದದ ಶಿಸ್ತು. ಅಪೇಕ್ಷೆಯನ್ನು ಹೇಳದೆ ಎಲ್ಲವೂ ಒಂದೇ ಎಂದುಬಿಡುವುದು ಸ್ವತಃ ಒಂದು ಏಕಾಂತವೇ ಆಗುತ್ತದೆ.

ಆಚಾರ್ಯರು ಕೊಟ್ಟ ಅಳತೆ

ಅನ್ಯರ ಆಚಾರಗಳ ನಡುವೆ ಬಾಳುವ ಗೃಹಸ್ಥನ ಕಷ್ಟ ಹೊಸದೇನೂ ಅಲ್ಲ. ಸಾವಿರ ವರ್ಷಗಳ ಹಿಂದೆ, ಕ್ರಿ.ಶ. 959ರಲ್ಲಿ, ಸೋಮದೇವಸೂರಿಗಳು ಯಶಸ್ತಿಲಕವನ್ನು ರಚಿಸಿ ಮುಗಿಸಿದರು. ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಹುಟ್ಟಿದ ಗ್ರಂಥವದು. ಅದೇ ಮನೆತನದ ಅರಿಕೇಸರಿಯ ಆಸ್ಥಾನದಲ್ಲಿ ಪಂಪನು 941ರಲ್ಲಿ ಆದಿಪುರಾಣವನ್ನು ಬರೆದಿದ್ದನು. ಯಶಸ್ತಿಲಕದ ಶ್ರಾವಕಾಚಾರ ಭಾಗದಲ್ಲಿ ಸೋಮದೇವರು ಗೃಹಸ್ಥನ ಧರ್ಮವನ್ನು ಲೌಕಿಕವೆಂದೂ ಪಾರಲೌಕಿಕವೆಂದೂ ಎರಡಾಗಿ ವಿಂಗಡಿಸುತ್ತಾರೆ. ಪಾರಲೌಕಿಕಕ್ಕೆ ಆಗಮವೇ ಆಧಾರ. ಲೌಕಿಕವು ಲೋಕವನ್ನು ಆಶ್ರಯಿಸಿದ್ದು. ಲೋಕದ ವಿಧಿಗಳನ್ನು ಜೈನನು ಒಪ್ಪಬಹುದು, ಆದರೆ ಎರಡು ಕಟ್ಟುಪಾಡುಗಳಿವೆ: ಅದರಿಂದ ಸಮ್ಯಕ್ತ್ವಕ್ಕೆ ಹಾನಿಯಾಗಬಾರದು, ಸ್ವೀಕರಿಸಿದ ವ್ರತಕ್ಕೆ ದೋಷ ತಗಲಬಾರದು ಎಂಬುದು ಅವರ ಅಭಿಪ್ರಾಯದ ಸಾರ.

ಈ ಅಳತೆಯ ವೈಶಾಲ್ಯವನ್ನೂ ಬಿಗಿಯನ್ನೂ ಒಟ್ಟಿಗೆ ಗಮನಿಸಬೇಕು. ಅದಕ್ಕೂ ಹಿಂದೆ, ಒಂಬತ್ತನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ ಗರ್ಭಾಧಾನದಿಂದ ನಿರ್ವಾಣದವರೆಗೆ ಐವತ್ಮೂರು ಗರ್ಭಾನ್ವಯ ಕ್ರಿಯೆಗಳನ್ನು ನಿರೂಪಿಸಿದರು. ಸುತ್ತಲ ಸಮಾಜದಲ್ಲಿ ರೂಢಿಯಲ್ಲಿದ್ದ ಉಪನಯನ, ವಿವಾಹಾದಿ ಸಂಸ್ಕಾರಗಳು ಜಿನಭಕ್ತಿಗೆ ಹೊಂದುವ ಅರ್ಥವನ್ನು ಪಡೆದು ಆ ಪಟ್ಟಿಯೊಳಗೆ ಬಂದವು. ದೀಪಾವಳಿಯು ಜೈನರಿಗೆ ಭಗವಾನ್ ಮಹಾವೀರರ ನಿರ್ವಾಣದ ದಿನ. ಆದರೂ ಅದೇ ದಿನ ಅಂಗಡಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಕುಂಕುಮವಿಟ್ಟು ಲಕ್ಷ್ಮೀಪೂಜೆ ಮಾಡುವ ಜೈನ ವರ್ತಕರ ಸಂಖ್ಯೆ ಕಡಿಮೆಯಿಲ್ಲ. ಆಯುಧಪೂಜೆಯಂದು ತಕ್ಕಡಿಗೂ ವಾಹನಕ್ಕೂ ಹೂವೇರಿಸುವವರೂ ಇದ್ದಾರೆ. ಹಣ ಬರಲೆಂಬ ಆಸೆಯಿಂದ ಒಂದು ದೇವತೆಯನ್ನು ಅರ್ಚಿಸುವ ಕೈಗಳೇ ಮಗುವಿನ ಕೈಯ ಕಾಗದದ ನಕ್ಷತ್ರವನ್ನು ಕಂಡು ಮಿಥ್ಯಾತ್ವವೆಂದು ಹೆದರುವುದಾದರೆ, ಆ ಹೆದರಿಕೆಯ ಮೂಲ ಶಾಸ್ತ್ರವೋ, ಪರಿಚಯವಿಲ್ಲದ್ದರ ಬಗೆಗಿನ ಅಳುಕೋ ಎಂದು ಕೇಳಲೇಬೇಕಾಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವರದ ಆಸೆಯಿಂದ ರಾಗದ್ವೇಷಯುಕ್ತ ದೇವತೆಗಳನ್ನು ಉಪಾಸಿಸುವುದನ್ನು ದೇವಮೂಢತೆ ಎಂದಿದ್ದಾರೆ. ಆ ಮಾತಿಗೆ ಪರಿಚಿತ ದೇವತೆ, ಅಪರಿಚಿತ ದೇವತೆ ಎಂಬ ರಿಯಾಯಿತಿ ಇಲ್ಲ.

ಆ ಹಬ್ಬದ ಒಳಗೆ

ಹಾಗಾದರೆ ನೆರೆಯವನ ಹಬ್ಬದಲ್ಲಿ ಇರುವುದೇನು? ಏಸುವು ಹುಟ್ಟಿದ ದಿನಾಂಕವನ್ನು ಸುವಾರ್ತೆಗಳು ತಿಳಿಸುವುದಿಲ್ಲ. ಡಿಸೆಂಬರ್ 25ನ್ನು ಆ ಜನ್ಮದಿನವೆಂದು ಹೇಳುವ, ಈಗ ತಿಳಿದಿರುವ ಅತ್ಯಂತ ಹಳೆಯ ದಾಖಲೆ ರೋಮ್ ನಗರದ್ದು. 354ರಲ್ಲಿ ಸಂಕಲಿತವಾದ ಆ ಪಂಚಾಂಗದ ಮಾಹಿತಿ 336ರ ಸುಮಾರಿನದು. ಅರ್ಮೇನಿಯಾದ ಚರ್ಚು ಇಂದಿಗೂ ಜನವರಿ 6ರಂದು ಈ ಹಬ್ಬವನ್ನು ಆಚರಿಸುತ್ತದೆ. ಹಳೆಯ ಪಂಚಾಂಗವನ್ನು ಅನುಸರಿಸುವ ರಷ್ಯದ ಮತ್ತು ಇಥಿಯೋಪಿಯದ ಚರ್ಚುಗಳಲ್ಲಿ ಅದು ಜನವರಿ 7ಕ್ಕೆ ಬರುತ್ತದೆ. ತಿಥಿನಿರ್ಣಯದ ವಾದಗಳನ್ನು ಬಲ್ಲ ಜೈನ ಓದುಗರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ದಶಲಕ್ಷಣ ಪರ್ವವೂ ಪರ್ಯೂಷಣವೂ ಬೇರೆ ಬೇರೆ ದಿನಗಳಲ್ಲಿ ಆರಂಭವಾಗುವುದನ್ನು ಅವರು ಪ್ರತಿವರ್ಷ ನೋಡುತ್ತಾರೆ.

ಕ್ರೈಸ್ತರಲ್ಲಿಯೇ ಈ ಹಬ್ಬವನ್ನು ಒಪ್ಪದವರು ಇದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ ಪಂಥದವರು 1659ರಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡವನ್ನು ವಿಧಿಸಿದರು. ಬೈಬಲ್ಲಿನಲ್ಲಿ ಆದೇಶವಿಲ್ಲದ, ತಿಂದು ಕುಡಿದು ಕುಣಿಯುವ ದಿನವೆಂದು ಅವರು ಅದನ್ನು ಖಂಡಿಸಿದರು. ಆ ಕಾನೂನು 1681ರವರೆಗೆ ನಡೆಯಿತು. ಸ್ಕಾಟ್‌ಲೆಂಡಿನಲ್ಲಿ ಕ್ರಿಸ್ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಶ್ರದ್ಧೆ ಯಾವುದು, ರೂಢಿ ಯಾವುದು ಎಂಬ ಪ್ರಶ್ನೆ ಆ ಸಮಾಜವನ್ನೂ ಕಾಡಿತ್ತೆಂಬುದಕ್ಕೆ ಇಷ್ಟು ಸಾಕು.

ಹೊರಗಿನವರಿಗೆ ಹೆಚ್ಚಾಗಿ ಕಾಣದ ಇನ್ನೊಂದು ಮುಖವೂ ಆ ಹಬ್ಬಕ್ಕಿದೆ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಹಬ್ಬಕ್ಕೆ ಮೊದಲು ನಲವತ್ತು ದಿನಗಳ ಸಂಯಮಕಾಲವಿದೆ. ಶ್ರದ್ಧಾವಂತರು ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಬಿಡುತ್ತಾರೆ. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಡಿಸೆಂಬರ್ ಒಂದರಿಂದ ಇಪ್ಪತ್ತೈದು ದಿನಗಳ ನೋಂಬು ಇದೆ. ಅದನ್ನು ನಿಷ್ಠೆಯಿಂದ ಪಾಲಿಸುವ ಮನೆಗಳಲ್ಲಿ ಆ ದಿನಗಳಲ್ಲಿ ಮೀನುಮಾಂಸಗಳು ಒಲೆಯೇರುವುದಿಲ್ಲ. ಪೇಟೆಯ ದೀಪಗಳಲ್ಲಿ ಹಬ್ಬವನ್ನು ನೋಡಿದವರು ಈ ನೋಂಬನ್ನು ನೋಡಿರುವುದಿಲ್ಲ. ಹಾಗೆಯೇ ಚಾತುರ್ಮಾಸ್ಯದ ಮೆರವಣಿಗೆಯನ್ನಷ್ಟೇ ನೋಡಿದ ಅನ್ಯಧರ್ಮೀಯನು ಮನೆಯೊಳಗೆ ಎಂಟು ದಿನ ನೀರಿನ ಮೇಲಿದ್ದ ಹೆಣ್ಣುಮಗಳನ್ನು ನೋಡಿರುವುದಿಲ್ಲ.

ಹಬ್ಬದಲ್ಲಿ ಕಟ್ಟುವ ಗೋದಲಿಯ ಸಂಪ್ರದಾಯವನ್ನು ಜನಪ್ರಿಯಗೊಳಿಸಿದವನು ಇಟಲಿಯ ಅಸೀಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಅವನು ಹುಲ್ಲು ಹಾಸಿ, ಜೀವಂತ ಎತ್ತು ಕತ್ತೆಗಳನ್ನು ನಿಲ್ಲಿಸಿ, ಏಸುವಿನ ಜನ್ಮದ ಬಡತನವನ್ನು ಜನರ ಕಣ್ಣಿಗೆ ತಂದನು. ಈ ಫ್ರಾನ್ಸಿಸ್ ಒಬ್ಬ ಬಟ್ಟೆ ವ್ಯಾಪಾರಿಯ ಮಗ. ತಂದೆಯು ಬಿಷಪ್ಪನ ಮುಂದೆ ದೂರು ಕೊಂಡೊಯ್ದಾಗ ಅವನು ಮೈಮೇಲಿನ ಉಡುಪನ್ನೂ ಕಳಚಿ ತಂದೆಗೆ ಒಪ್ಪಿಸಿ ಹೊರನಡೆದನೆಂದು ಅವನ ಚರಿತ್ರೆ ಹೇಳುತ್ತದೆ. ವರ್ತಕರ ಮನೆಗಳಿಂದ ಎದ್ದುಹೋಗಿ ದಿಗಂಬರ ದೀಕ್ಷೆ ಪಡೆದವರ ಕಥೆಗಳನ್ನು ಕೇಳಿ ಬೆಳೆದ ಸಮಾಜಕ್ಕೆ ಈ ದೃಶ್ಯ ಪೂರ್ತಿ ಅಪರಿಚಿತವಾಗಿ ತೋರಲಾರದು.

ಅವತರಣ ಮತ್ತು ಆರೋಹಣ

ಸಾಮ್ಯವನ್ನು ಕಂಡ ಮೇಲೆ ಭೇದವನ್ನೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು. ಕ್ರೈಸ್ತರ ನಂಬಿಕೆಯಲ್ಲಿ ಡಿಸೆಂಬರ್ 25 ದೇವರು ಮನುಷ್ಯನಾಗಿ ಇಳಿದುಬಂದ ದಿನ. ಸೃಷ್ಟಿಕರ್ತನು ತನ್ನ ಸೃಷ್ಟಿಯ ಮೇಲಿನ ಪ್ರೀತಿಯಿಂದ ದನದ ಕೊಟ್ಟಿಗೆಯಲ್ಲಿ ಹುಟ್ಟಿದನು; ಮುಂದೆ ಮನುಷ್ಯರ ಪಾಪಭಾರವನ್ನು ತಾನು ಹೊತ್ತು ಶಿಲುಬೆಯ ಮೇಲೆ ಪ್ರಾಣಬಿಟ್ಟನು. ಭಕ್ತನಿಗೆ ಅದು ಕೃಪೆ. ಆ ಕೃಪೆಗೆ ಕೃತಜ್ಞತೆಯೇ ಆ ಹಬ್ಬದ ತಿರುಳು.

ಜೈನರ ಜನ್ಮಕಲ್ಯಾಣದ ದಿಕ್ಕೇ ಬೇರೆ. ತೀರ್ಥಂಕರನಾಗಿ ಹುಟ್ಟುವ ಜೀವವು ಎಲ್ಲಿಂದಲೋ ಇಳಿದುಬಂದ ದೇವರಲ್ಲ. ಅಸಂಖ್ಯ ಭವಗಳಲ್ಲಿ ತಿರುಗಿ, ಷೋಡಶ ಕಾರಣ ಭಾವನೆಗಳಿಂದ ತೀರ್ಥಂಕರ ನಾಮಕರ್ಮವನ್ನು ಗಳಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರಿಬಂದ ಆತ್ಮ. ಇಂದ್ರನು ಆ ಶಿಶುವನ್ನು ಮೇರುವಿಗೆ ಒಯ್ದು ಅಭಿಷೇಕ ಮಾಡುವ ಸಂಭ್ರಮಕ್ಕೆ ಕಾರಣ ಅದು ಕೊನೆಯ ಹುಟ್ಟು ಎಂಬುದು. ಒಬ್ಬರು ಅರಮನೆಯಲ್ಲಿ ಹುಟ್ಟಿ ಎಲ್ಲವನ್ನೂ ಬಿಟ್ಟು ಕಾಡಿಗೆ ಹೋದರು. ಇನ್ನೊಬ್ಬರು ಬಿಡಲು ಏನೂ ಇಲ್ಲದ ಕೊಟ್ಟಿಗೆಯಲ್ಲಿ ಹುಟ್ಟಿದರು. ಎರಡೂ ಕಥೆಗಳು ಸಂಪತ್ತಿನ ಬಗ್ಗೆ ಮನುಷ್ಯನನ್ನು ಎಚ್ಚರಿಸುತ್ತವೆ. ಆದರೆ ಜಿನನು ಯಾರ ಪಾಪವನ್ನೂ ಹೊರುವುದಿಲ್ಲ, ಯಾರ ಕರ್ಮವನ್ನೂ ಕ್ಷಮಿಸಿ ಅಳಿಸುವುದಿಲ್ಲ. ದಾರಿಯನ್ನು ತೋರಿಸಿದವನು ಅವನು. ನಡೆಯುವ ಕಾಲು ಜೀವನದೇ. ಈ ಭೇದವನ್ನು ಮುಚ್ಚಿಟ್ಟು ಎರಡೂ ಒಂದೇ ಎನ್ನುವವನು ನೆರೆಯ ಕ್ರೈಸ್ತನಿಗೂ ಗೌರವ ತೋರಿದಂತಾಗುವುದಿಲ್ಲ. ತನ್ನ ಶ್ರದ್ಧೆಯ ಹೃದಯವೇ ಆದ ಕೃಪೆಯನ್ನು ಒಂದು ಸಣ್ಣ ವಿವರವೆಂದು ಬದಿಗೆ ಸರಿಸಿದವನ ಶುಭಾಶಯದಿಂದ ಆ ನೆರೆಯವನಿಗೆ ಸಿಗುವ ಸಂತೋಷವೆಷ್ಟು?

ಪ್ರಶಂಸೆಯಲ್ಲಿ ದೋಷವುಂಟೇ?

ಇಲ್ಲಿ ಶಾಸ್ತ್ರಜ್ಞರಾದ ಹಿರಿಯರು ಎತ್ತುವ ಆಕ್ಷೇಪವನ್ನು ತಪ್ಪಿಸಿಕೊಂಡು ಹೋಗಲಾಗದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸಮ್ಯಗ್ದೃಷ್ಟಿಗೆ ಐದು ಅತಿಚಾರಗಳನ್ನು ಹೇಳುತ್ತದೆ: ಶಂಕಾ, ಕಾಂಕ್ಷಾ, ವಿಚಿಕಿತ್ಸಾ, ಅನ್ಯದೃಷ್ಟಿಪ್ರಶಂಸಾ ಮತ್ತು ಅನ್ಯದೃಷ್ಟಿಸಂಸ್ತವ. ಅನ್ಯದೃಷ್ಟಿಯವರನ್ನು ಮನಸ್ಸಿನಲ್ಲಿ ಮೆಚ್ಚುವುದೂ ಮಾತಿನಲ್ಲಿ ಹೊಗಳುವುದೂ ದೋಷವೆಂದಾದ ಮೇಲೆ ಅವರ ಹಬ್ಬಕ್ಕೆ ಶುಭಾಶಯ ಹೇಳುವುದು ಹೇಗೆ? ಆಕ್ಷೇಪ ಗಂಭೀರವಾದದ್ದು. ಆದರೆ ಅದೇ ಅಧ್ಯಾಯದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳ ಉಪದೇಶವೂ ಇದೆ. ಮೈತ್ರಿಯು ಸಕಲ ಜೀವಗಳಲ್ಲಿ; ಪ್ರಮೋದವು ಗುಣದಲ್ಲಿ ಹೆಚ್ಚಿನವರಲ್ಲಿ. ಒಂದೇ ಅಧ್ಯಾಯವು ಒಂದು ಕಡೆ ಗುಣವನ್ನು ಕಂಡು ಹಿಗ್ಗಬೇಕೆಂದೂ ಇನ್ನೊಂದು ಕಡೆ ಹಿಗ್ಗಬಾರದೆಂದೂ ಹೇಳಲಾರದು. ಆದ್ದರಿಂದ ಪ್ರಶಂಸೆಗೆ ಗುರಿಯಾದದ್ದು ಗುಣವೋ ದೃಷ್ಟಿಯೋ ಎಂದು ಬಿಡಿಸಿ ನೋಡಬೇಕಾಗುತ್ತದೆ.

ಫ್ರಾನ್ಸಿಸನ ಚರಿತ್ರೆಯೇ ಇದಕ್ಕೆ ಒಳ್ಳೆಯ ಉದಾಹರಣೆ. ಅವನ ಚರಿತ್ರಕಾರನಾದ ಚೆಲಾನೊದ ಥಾಮಸನು ಹದಿಮೂರನೆಯ ಶತಮಾನದಲ್ಲೇ ಎರಡು ಸಂಗತಿಗಳನ್ನು ಹತ್ತಿರ ಹತ್ತಿರದಲ್ಲಿ ದಾಖಲಿಸಿದ್ದಾನೆ. ಏಸುಜಯಂತಿಯ ದಿನ ಹಕ್ಕಿಗಳಿಗಾಗಿ ದಾರಿಗಳಲ್ಲಿ ಕಾಳು ಚೆಲ್ಲಬೇಕೆಂದೂ, ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಹಾಕಬೇಕೆಂದೂ ಚಕ್ರವರ್ತಿಯಿಂದ ಆಜ್ಞೆ ಮಾಡಿಸುವ ಆಸೆ ಫ್ರಾನ್ಸಿಸನಿಗಿತ್ತು. ಅದೇ ಫ್ರಾನ್ಸಿಸ್, ಹಬ್ಬವು ಉಪವಾಸದ ಶುಕ್ರವಾರದಂದು ಬಿದ್ದಾಗ ಮಾಂಸ ಬಿಡಬೇಕೇ ಎಂದು ಕೇಳಿದ ಶಿಷ್ಯನಿಗೆ, ಅಂಥ ದಿನ ಗೋಡೆಗಳೂ ಮಾಂಸ ತಿನ್ನಲಿ ಎಂಬರ್ಥದ ಉತ್ತರ ಕೊಟ್ಟನು. ಮೊದಲನೆಯದನ್ನು ಓದಿದ ಶ್ರಾವಕನ ಕಣ್ಣು ತೇವವಾದರೆ ಅದು ಪ್ರಮೋದ, ಅದರಲ್ಲಿ ದೋಷವಿಲ್ಲ. ಎರಡನೆಯದನ್ನು ಓದಿ, ಎಷ್ಟೇ ದೊಡ್ಡ ಸಂತನಾದರೂ ತಿರ್ಯಂಚ ಜೀವದ ಪ್ರಾಣದ ಬೆಲೆಯನ್ನು ಅವನ ದರ್ಶನವು ಅವನಿಗೆ ಪೂರ್ತಿಯಾಗಿ ತೋರಿಸಲಿಲ್ಲವೆಂದು ತಿಳಿದರೆ ಅದು ಅಮೂಢದೃಷ್ಟಿ. ಅದರಲ್ಲಿ ದ್ವೇಷವಿರಬೇಕಾಗಿಲ್ಲ, ಮಾಧ್ಯಸ್ಥ್ಯ ಸಾಕು. ಹಕ್ಕಿಗೆ ಕಾಳು ಚೆಲ್ಲಿದವನೆಂದು ಅವನ ಎಲ್ಲ ಮಾತನ್ನೂ ಒಪ್ಪುವುದು ಅತಿಚಾರ. ಮಾಂಸ ತಿಂದವನೆಂದು ಅವನ ದಯೆಯನ್ನೂ ಅಲ್ಲಗಳೆಯುವುದು ವಿಚಿಕಿತ್ಸೆಗೆ ದಾರಿ.

ಪೂರ್ವಾಚಾರ್ಯರ ನಡೆಯೂ ಇದಕ್ಕೆ ಅನುಕೂಲವಾಗಿದೆ. ಎಂಟನೆಯ ಶತಮಾನದ ಹರಿಭದ್ರಸೂರಿಗಳು ತಮಗೆ ಮಹಾವೀರರಲ್ಲಿ ಪಕ್ಷಪಾತವಿಲ್ಲ, ಕಪಿಲಾದಿಗಳಲ್ಲಿ ದ್ವೇಷವಿಲ್ಲ, ಯುಕ್ತಿಗೆ ನಿಲ್ಲುವ ಮಾತನ್ನು ಸ್ವೀಕರಿಸುವುದೇ ಸರಿ ಎಂಬ ನಿಲುವನ್ನು ತಳೆದರು. ಹೇಮಚಂದ್ರಾಚಾರ್ಯರು ಕುಮಾರಪಾಲನೊಡನೆ ಸೋಮನಾಥಕ್ಕೆ ಹೋದಾಗ, ರಾಗಾದಿಗಳನ್ನು ಕ್ಷಯಮಾಡಿದವನು ಯಾವ ಹೆಸರಿನವನಾದರೂ ಅವನಿಗೆ ನಮಸ್ಕಾರವೆಂದು ಸ್ತುತಿಸಿದರೆಂದು ಗುಜರಾತಿನ ಪ್ರಬಂಧಗಳು ಹೇಳುತ್ತವೆ. ತಲೆ ಬಾಗಿತು, ಆದರೆ ಯಾವುದಕ್ಕೆ ಬಾಗುತ್ತಿದೆ ಎಂಬ ಎಚ್ಚರ ತಪ್ಪಲಿಲ್ಲ.

ತಟ್ಟೆ, ನಾಟಕ, ಅಂಗಡಿ

ತತ್ತ್ವದ ಮಾತು ಮನೆಯ ಹೊಸ್ತಿಲಿಗೆ ಬಂದಾಗಲೇ ಅದರ ಪರೀಕ್ಷೆ. ಮೊದಲು ತಟ್ಟೆಯ ವಿಷಯ. ಕರಾವಳಿಯ ಕೆಥೊಲಿಕ್ ಕುಟುಂಬಗಳು ಹಬ್ಬಕ್ಕೆ ಕುಸ್ವಾರ್ ಎಂಬ ತಿಂಡಿಗಳ ಸಮೂಹವನ್ನು ತಯಾರಿಸಿ ನೆರೆಮನೆಗಳಿಗೆ ಕಳುಹಿಸುತ್ತವೆ. ಅದರಲ್ಲಿ ಚಕ್ಕುಲಿ, ನೇವ್ರಿ, ಕಿಡಿಯೊ, ಅಕ್ಕಿ ತೆಂಗಿನಕಾಯಿಗಳ ಗುಳಿಯೊ ಮೊದಲಾದವು ಇರುತ್ತವೆ. ಕೆಲವಕ್ಕೆ ಮೊಟ್ಟೆ ಸೇರಬಹುದು, ಕೆಲವಕ್ಕೆ ಸೇರುವುದಿಲ್ಲ. ಕೇಕಿಗೆ ಮೊಟ್ಟೆಯಲ್ಲದೆ ಮದ್ಯದಲ್ಲಿ ನೆನೆಸಿದ ಒಣಹಣ್ಣುಗಳೂ ಸೇರುವುದುಂಟು. ಮದ್ಯಮಾಂಸಮಧುತ್ಯಾಗವು ಶ್ರಾವಕನ ಮೂಲಗುಣದಲ್ಲೇ ಸೇರಿರುವುದರಿಂದ ಇಲ್ಲಿ ಸೋಮದೇವರ ಎರಡನೆಯ ಕಟ್ಟುಪಾಡು ನೇರವಾಗಿ ಅನ್ವಯಿಸುತ್ತದೆ. ಸ್ನೇಹದ ಹೆಸರಿನಲ್ಲಿ ಒಂದು ಚೂರಾದರೂ ತಿನ್ನುವ ಪ್ರಶ್ನೆಯಿಲ್ಲ.

ಆದರೆ ಅನೇಕ ಮನೆಗಳಲ್ಲಿ ನಡೆಯುವುದೇನು? ಮುಂಬಾಗಿಲಲ್ಲಿ ನಗುಮುಖದಿಂದ ತಟ್ಟೆಯನ್ನು ಸ್ವೀಕರಿಸಿ, ಹಿಂಬಾಗಿಲಿನಿಂದ ಅದನ್ನು ತಿಪ್ಪೆಗೆ ಸುರಿದು, ತೊಳೆದ ತಟ್ಟೆಯನ್ನು ಸಂಜೆ ಹಿಂತಿರುಗಿಸುವಾಗ ಬಹಳ ರುಚಿಯಾಗಿತ್ತೆಂದು ಹೇಳುವುದು. ಅಹಿಂಸೆಯನ್ನು ಕಾಪಾಡಿಕೊಂಡೆವೆಂಬ ತೃಪ್ತಿಯಲ್ಲಿ ಸತ್ಯಾಣುವ್ರತವು ಹೋದದ್ದು ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ದಿನ ಒಲೆಯ ಮುಂದೆ ಕುಳಿತು ತಿಂಡಿ ಕರಿದ ಒಬ್ಬ ಹೆಣ್ಣುಮಗಳ ಶ್ರಮ ತಿಪ್ಪೆ ಸೇರಿತು. ಇದೆಲ್ಲವನ್ನೂ ನೋಡುತ್ತಿದ್ದ ಮಗುವು ಧರ್ಮವೆಂದರೆ ಬಾಗಿಲಲ್ಲಿ ಒಂದು, ಹಿತ್ತಲಲ್ಲಿ ಒಂದು ಎಂದು ಕಲಿತುಕೊಂಡಿತು. ಬಾಗಿಲಲ್ಲಿಯೇ ಕೈಮುಗಿದು, "ಅಕ್ಕಾ, ಮೊಟ್ಟೆ ಸೇರಿದ್ದು ನಮಗೆ ಆಗುವುದಿಲ್ಲ, ಚಕ್ಕುಲಿ ಕೊಡಿ, ಸಂತೋಷದಿಂದ ತೆಗೆದುಕೊಳ್ಳುತ್ತೇವೆ" ಎಂದರೆ ಯಾವ ನೆರೆಯವರೂ ನೊಂದುಕೊಳ್ಳುವುದಿಲ್ಲ. ಮುಂದಿನ ವರ್ಷ ಅವರೇ ಒಂದು ಪೊಟ್ಟಣವನ್ನು ಬೇರೆಯಾಗಿ ಇಟ್ಟು ಕಳುಹಿಸುವುದುಂಟು. ನೋಂಬನ್ನು ಬಲ್ಲ ಕ್ರೈಸ್ತ ಗೃಹಿಣಿಗೆ ಇನ್ನೊಬ್ಬರ ನೇಮವನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ.

ಶಾಲೆಯ ನಾಟಕದಲ್ಲಿ ಮಗು ಕುರಿಗಾಹಿಯ ಪಾತ್ರ ವಹಿಸಬಹುದೇ ಎಂಬುದು ಎರಡನೆಯ ವಿಷಯ. ಅದು ಕೇವಲ ನಾಟಕವೆಂದು ತಂದೆ ಹೇಳುತ್ತಾನೆ. ಆದರೆ ಪಾತ್ರವು ಭಾವವನ್ನು ಹೇಗೆ ರೂಪಿಸುತ್ತದೆಂಬುದು ಜೈನರಿಗೆ ಚೆನ್ನಾಗಿ ಗೊತ್ತು. ಪಂಚಕಲ್ಯಾಣ ಮಹೋತ್ಸವದಲ್ಲಿ ಇಂದ್ರ ಇಂದ್ರಾಣಿಯರಾದ ದಂಪತಿಗಳು ಆ ದಿನಗಳಲ್ಲಿ ನಿಯಮದಿಂದಿರುತ್ತಾರೆ. ಕಿರೀಟವಿಟ್ಟ ಮೇಲೆ ಮನಸ್ಸು ಮೃದುವಾಗುವುದನ್ನು ಅನುಭವಿಸಿದವರು ಅನೇಕರು. ಆದ್ದರಿಂದ ಅಜ್ಜಿಯ ಆತಂಕವನ್ನು ಮೌಢ್ಯವೆಂದು ಹಾಸ್ಯಮಾಡುವುದು ಸಲ್ಲದು. ಹಾಗೆಂದು ಮೂವತ್ತು ಮಕ್ಕಳ ನಡುವೆ ಒಂದು ಮಗುವನ್ನು ಹೊರಗೆ ನಿಲ್ಲಿಸಿದರೆ ಅದರ ಮನಸ್ಸಿನಲ್ಲಿ ಬೆಳೆಯುವುದು ಸಮ್ಯಕ್ತ್ವವಲ್ಲ, ತನ್ನ ಮನೆತನದ ಬಗ್ಗೆ ನಾಚಿಕೆ. ಕಥೆಯನ್ನು ಆಡಿ ತೋರಿಸುವುದು ಬೇರೆ. ನೀನೇ ನನ್ನ ಸೃಷ್ಟಿಕರ್ತ, ನೀನೇ ರಕ್ಷಕನೆಂದು ಪ್ರಾರ್ಥನೆಯಲ್ಲಿ ಒಪ್ಪಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಮಗುವನ್ನು ಕಳುಹಿಸಿ, ಎರಡನೆಯದರ ವಿಷಯದಲ್ಲಿ ಅಧ್ಯಾಪಕರೊಡನೆ ವಿನಯದಿಂದ ಮಾತನಾಡಿ, ರಾತ್ರಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಥೆಯನ್ನೂ ಈ ಕಥೆಯನ್ನೂ ಹೇಳುವ ತಾಳ್ಮೆ ಹಿರಿಯರಿಗಿರಬೇಕು. ಬಾಗಿಲ ನಕ್ಷತ್ರದ ವಿಷಯದಲ್ಲಿಯೂ ಇಷ್ಟೇ. ಎಲ್ಲರೂ ಕಟ್ಟುತ್ತಾರೆಂಬ ಒಂದೇ ಕಾರಣಕ್ಕೆ ಕಟ್ಟುವುದು ಲೋಕಮೂಢತೆಯ ನೆರಳು. ತನ್ನ ಕುಲ ದೊಡ್ಡದೆಂಬ ಕಾರಣಕ್ಕೆ ಕಿತ್ತೆಸೆಯುವುದು ಎಂಟು ಮದಗಳಲ್ಲಿ ಒಂದಾದ ಕುಲಮದ.

ಮೂರನೆಯದು ಅಂಗಡಿ. ಜೈನ ಸಮಾಜದಲ್ಲಿ ವರ್ತಕರು ಬಹುಸಂಖ್ಯೆಯಲ್ಲಿರುವುದರಿಂದ ಇದನ್ನು ಬಿಟ್ಟು ಉಳಿದದ್ದನ್ನು ಹೇಳುವುದು ನ್ಯಾಯವಾಗದು. ಹಬ್ಬಕ್ಕೆ ಬಟ್ಟೆ, ದೀಪ, ಕಾಗದದ ನಕ್ಷತ್ರಗಳನ್ನು ಮಾರುವುದರಲ್ಲಿ ತಪ್ಪಿಲ್ಲ. ಸರಿಯಾದ ತೂಕ, ಸರಿಯಾದ ಬೆಲೆ ಇದ್ದರೆ ಅದು ನೆರೆಯವನ ಸಂತೋಷಕ್ಕೆ ಮಾಡಿದ ಸೇವೆಯೇ. ಆದರೆ ವರ್ಷದ ಕೊನೆಯ ಅದೇ ವಾರದಲ್ಲಿ ಗಿರಾಕಿಗಳಿಗೂ ಅಧಿಕಾರಿಗಳಿಗೂ ಉಡುಗೊರೆ ಹಂಚುವ ಪದ್ಧತಿ ವ್ಯಾಪಾರದಲ್ಲಿ ಬೆಳೆದಿದೆ. ಡೈರಿ, ಕ್ಯಾಲೆಂಡರು, ಸಿಹಿಯ ಡಬ್ಬಿಗಳ ಜೊತೆಗೆ ಕೆಲವೆಡೆ ಮದ್ಯದ ಬಾಟಲಿಯೂ ಹೋಗುತ್ತದೆ. ತಾನು ಮುಟ್ಟುವುದಿಲ್ಲ, ನೌಕರನ ಕೈಯಲ್ಲಿ ಕಳುಹಿಸಿದ್ದು ಎಂಬ ಸಮಾಧಾನವನ್ನು ಶಾಸ್ತ್ರ ಒಪ್ಪುವುದಿಲ್ಲ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಿಂದಲೂ ಕರ್ಮವು ಒಳಗೆ ಬರುತ್ತದೆ. ಮನೆಯಲ್ಲಿ ಮಗನ ನಕ್ಷತ್ರವನ್ನು ತಡೆದು, ಅಂಗಡಿಯಿಂದ ಬಾಟಲಿ ಕಳುಹಿಸಿದವನ ಜಮಾಖರ್ಚನ್ನು ಬರೆದು ನೋಡಿದರೆ ಸಮ್ಯಕ್ತ್ವದ ಹಾನಿ ಯಾವ ಪುಟದಲ್ಲಾಯಿತೆಂಬುದು ತಾನಾಗಿ ಕಾಣುತ್ತದೆ.

ಒಬ್ಬ ಜವಾಹಿರಿಯ ಉತ್ತರ

ಅನ್ಯರ ಶ್ರದ್ಧೆಯ ಆಕರ್ಷಣೆಗೆ ಸಿಕ್ಕಿದ ಒಬ್ಬ ತರುಣನಿಗೆ ಒಬ್ಬ ಜೈನ ಗೃಹಸ್ಥನು ಹೇಗೆ ಉತ್ತರ ಕೊಟ್ಟನೆಂಬುದನ್ನು ಇಲ್ಲಿ ನೆನೆಯಬಹುದು. 1893ರಲ್ಲಿ ವಕೀಲ ವೃತ್ತಿಗಾಗಿ ದಕ್ಷಿಣ ಆಫ್ರಿಕಕ್ಕೆ ಹೋದ ಮೋಹನದಾಸ ಗಾಂಧಿಯವರನ್ನು ಅಲ್ಲಿನ ಕ್ರೈಸ್ತ ಮಿತ್ರರು ಪ್ರಾರ್ಥನಾಸಭೆಗಳಿಗೆ ಕರೆದೊಯ್ದರು, ಪುಸ್ತಕಗಳನ್ನು ಕೊಟ್ಟರು, ಮತಾಂತರವಾಗಲೆಂದು ಪ್ರೀತಿಯಿಂದಲೇ ಆಗ್ರಹಪಡಿಸಿದರು. ಗಾಂಧಿಯವರ ಮನಸ್ಸು ತೂಗಾಡಿತು. 1894ರಲ್ಲಿ ಅವರು ಮುಂಬಯಿಯ ಜವಾಹಿರಿ ವ್ಯಾಪಾರಿ ಶ್ರೀಮದ್ ರಾಜಚಂದ್ರರಿಗೆ ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದು ಕಳುಹಿಸಿದರು. ಆತ್ಮವೆಂದರೇನು, ಈಶ್ವರನೆಂದರೆ ಯಾರು, ಮೋಕ್ಷವೆಂದರೇನು ಎಂಬವುಗಳ ಜೊತೆಗೆ ಕ್ರೈಸ್ತಧರ್ಮ, ಬೈಬಲ್ ಮತ್ತು ಏಸುವಿನ ಅವತಾರತ್ವಕ್ಕೆ ಸಂಬಂಧಿಸಿದ ಪ್ರಶ್ನೆಗಳೂ ಅದರಲ್ಲಿದ್ದವು.

ಆಗ ರಾಜಚಂದ್ರರ ವಯಸ್ಸು ಇಪ್ಪತ್ತಾರು. ಅವರು ಗಾಂಧಿಯವರನ್ನು ಗದರಿಸಲಿಲ್ಲ. ಕ್ರೈಸ್ತರನ್ನು ನಿಂದಿಸಲೂ ಇಲ್ಲ. ಒಂದೊಂದು ಪ್ರಶ್ನೆಯನ್ನೂ ಎತ್ತಿಕೊಂಡು, ಆತ್ಮದ ಸ್ವರೂಪವನ್ನು ಆಧಾರವಾಗಿಟ್ಟು, ಯಾವ ಮಾತು ಯುಕ್ತಿಗೆ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ಬಿಡಿಸಿದರು. ತಾಳ್ಮೆಯಿಂದ ತಮ್ಮ ಪರಂಪರೆಯನ್ನೂ ಆಳವಾಗಿ ಅಧ್ಯಯನ ಮಾಡುವಂತೆ ಸೂಚಿಸಿದರು. ಗಾಂಧಿಯವರು ಮತಾಂತರವಾಗಲಿಲ್ಲ, ಏಸುವಿನ ಗಿರಿಪ್ರವಚನದ ಮೇಲಿನ ಪ್ರೀತಿಯನ್ನು ಬಿಡಲೂ ಇಲ್ಲ. ಅವರು ಜೈನರೂ ಆಗಲಿಲ್ಲ, ರಾಜಚಂದ್ರರು ಹಾಗೆ ಆಗಬೇಕೆಂದು ಕೇಳಲೂ ಇಲ್ಲ. ಮುತ್ತುರತ್ನಗಳ ಪರೀಕ್ಷೆಯನ್ನು ಬಲ್ಲ ಆ ವ್ಯಾಪಾರಿ ಎದುರಿಗೆ ಬಂದ ಕಲ್ಲನ್ನು ನೋಡದೆ ಹೊರಗೆಸೆಯಲಿಲ್ಲ, ಪರೀಕ್ಷಿಸದೆ ಪೆಟ್ಟಿಗೆಗೂ ಸೇರಿಸಲಿಲ್ಲ. ಮಕ್ಕಳ ಪ್ರಶ್ನೆಗಳಿಗೆ ಇಂಥ ಉತ್ತರ ಕೊಡಬಲ್ಲ ಹಿರಿಯರು ಇಂದು ಎಷ್ಟು ಮನೆಗಳಲ್ಲಿದ್ದಾರೆ ಎಂಬುದನ್ನು ಸಮಾಜವು ಯೋಚಿಸಬೇಕು.

ಮಾರ್ಗಶಿರ ಬಹುಳ ಏಕಾದಶಿ

ಶ್ರದ್ಧೆಯನ್ನು ಬಿಡದೆ ನೆರೆಯವರೊಡನೆ ಬಾಳುವುದು ಈ ನಾಡಿನ ಜೈನರಿಗೆ ಪಾಠಹೇಳಿಸಿಕೊಳ್ಳಬೇಕಾದ ವಿಷಯವಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾದಾಗ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ ವೃತ್ತಾಂತವನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ರಾಜನು ಸಾರಿದ ಅಭೇದವು ರಕ್ಷಣೆಯ ಅಭೇದ. ಮರುದಿನದಿಂದ ಜೈನರು ಜಿನಪೂಜೆಯನ್ನೂ ವೈಷ್ಣವರು ವಿಷ್ಣುಪೂಜೆಯನ್ನೂ ಮುಂದುವರಿಸಿದರು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 1988ರಲ್ಲಿ ಪ್ರತಿಷ್ಠೆಯಾದ ಜೈನ ಕೇಂದ್ರವು ಹಿಂದೆ ಕ್ರೈಸ್ತರ ಪ್ರಾರ್ಥನಾಮಂದಿರವಾಗಿದ್ದ ಕಟ್ಟಡದಲ್ಲಿದೆ. ಅಲ್ಲಿ ಒಂದ��ೇ ಸೂರಿನಡಿ ಶ್ವೇತಾಂಬರ ಮಂದಿರವೂ ದಿಗಂಬರ ಮಂದಿರವೂ ಸ್ಥಾನಕವಾಸಿಗಳ ಉಪಾಶ್ರಯವೂ ಇವೆ. ತವರಿನಲ್ಲಿ ಒಂದು ಬೆಟ್ಟದ ಪೂಜೆಯ ಹಕ್ಕಿಗಾಗಿ ನ್ಯಾಯಾಲಯ ಹತ್ತುವ ಪಂಥಗಳು ಅಲ್ಲಿ ಒಟ್ಟಿಗಿರಬಲ್ಲವು.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ? ಭಗವಾನ್ ಪಾರ್ಶ್ವನಾಥರ ಜನ್ಮಕಲ್ಯಾಣದ ತಿಥಿಯು ದಿಗಂಬರ ಪರಂಪರೆಯಲ್ಲಿ ಉತ್ತರದವರ ಎಣಿಕೆಯ ಪೌಷ ಕೃಷ್ಣ ಏಕಾದಶಿ, ಅಂದರೆ ಕನ್ನಡ ಪಂಚಾಂಗದ ಮಾರ್ಗಶಿರ ಬಹುಳ ಏಕಾದಶಿ. ಶ್ವೇತಾಂಬರರಲ್ಲಿ ಅದು ಹಿಂದಿನ ದಿನವಾದ ದಶಮಿ. ಈ ತಿಥಿ ಬಹುತೇಕ ಕ್ರಿಸ್ಮಸ್ಸಿನ ಆಸುಪಾಸಿನಲ್ಲಿಯೇ ಬರುತ್ತದೆ. 2024ರಲ್ಲಿ ಏಕಾದಶಿ ಡಿಸೆಂಬರ್ 26ರಂದು ಬಂತು, 2025ರಲ್ಲಿ ಡಿಸೆಂಬರ್ 15ರಂದು. ಡಿಸೆಂಬರ್ 25 ಎಂದರೆ ಏನೆಂದು ಕೇಳಿದರೆ ಜೈನ ಮನೆಯ ಯಾವ ಮಗುವೂ ಉತ್ತರಿಸುತ್ತದೆ. ಮಾರ್ಗಶಿರ ಬಹುಳ ಏಕಾದಶಿ ಎಂದರೆ ಏನೆಂದು ಕೇಳಿದರೆ ಎಷ್ಟು ಮಕ್ಕಳು, ಎಷ್ಟು ತಂದೆತಾಯಿಗಳು ಉತ್ತರಿಸಬಲ್ಲರು? ನೆರೆಯವನ ನಕ್ಷತ್ರವು ಈ ದೀಪವನ್ನು ಆರಿಸಲಿಲ್ಲ. ಎಣ್ಣೆ ಹಾಕುವವರು ಮರೆತರು.

ಆ ದಿನ ಹೇಳಬೇಕಾದ ಕಥೆಗೇನೂ ಕೊರತೆಯಿಲ್ಲ. ತಾಪಸನು ಉರಿಸುತ್ತಿದ್ದ ಕಟ್ಟಿಗೆಯೊಳಗಿನ ಹಾವುಗಳ ಜೋಡಿಗೆ ರಾಜಕುಮಾರನಾದ ಪಾರ್ಶ್ವನು ಮರುಗಿದ ಕಥೆಯಿದೆ. ಆ ಜೀವಗಳೇ ಧರಣೇಂದ್ರ ಪದ್ಮಾವತಿಯರಾದರು. ಮರುಭೂತಿ ಕಮಠರೆಂಬ ಅಣ್ಣತಮ್ಮಂದಿರ ವೈರ ಭವಭವಾಂತರಗಳಲ್ಲಿ ಬೆನ್ನುಹತ್ತಿ ಬಂದು, ಕೊನೆಗೆ ತಪೋನಿರತರಾದ ಭಗವಂತರ ಮೇಲೆ ಮಳೆಗಲ್ಲುಗಳಾಗಿ ಸುರಿದ ಕಥೆಯಿದೆ. ರಕ್ಷಿಸಿದ ಧರಣೇಂದ್ರನಲ್ಲಿ ರಾಗವಿಲ್ಲದೆ, ಹಿಂಸಿಸಿದ ಕಮಠನಲ್ಲಿ ದ್ವೇಷವಿಲ್ಲದೆ ನಿಂತ ಆ ಸಮಭಾವವನ್ನು ಕಂಡು ಕಡೆಗೆ ವೈರಿಯೇ ಶಾಂತನಾಗಿ ಸಮ್ಯಕ್ತ್ವವನ್ನು ಪಡೆದನು. ಶಿಲುಬೆಯ ಮೇಲಿಂದ ಕೊಂದವರನ್ನು ಕ್ಷಮಿಸೆಂದು ಬೇಡಿದ ಏಸುವಿನ ಕಥೆಯನ್ನು ಶಾಲೆಯಲ್ಲಿ ಕೇಳಿ ಬಂದ ಮಗುವಿಗೆ ಈ ಕಥೆಯನ್ನು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದು?

ಬಸದಿಗಳ ಆಡಳಿತ ಮಂಡಳಿಗಳು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ. ಆ ವಾರ ಅನೇಕ ಶಾಲೆಗಳಿಗೆ ರಜೆಯಿರುತ್ತದೆ. ತಿಥಿಯಂದು ಅಭಿಷೇಕ ನಡೆಯಲಿ. ರಜೆಯ ಎರಡು ದಿನ ಮಕ್ಕಳಿಗೆ ಪಾಠಶಾಲೆಯ ಶಿಬಿರ ಏರ್ಪಡಲಿ. ಹಕ್ಕಿಗಳಿಗೆ ಕಾಳು, ಗೋಶಾಲೆಗೆ ಮೇವು ಮಕ್ಕಳ ಕೈಯಿಂದಲೇ ಹೋಗಲಿ. ಅಭಿಷೇಕದ ದಿನ ಮಾಡಿದ ಸಿಹಿಯಲ್ಲಿ ಒಂದು ಪಾಲು ನೆರೆಯ ಕ್ರೈಸ್ತ ಕುಟುಂಬಕ್ಕೂ ಹೋಗಲಿ. ಇದು ಯಾವ ಹಬ್ಬದ್ದೆಂದು ಅವರು ಕೇಳಿದಾಗ ತಟ್ಟೆ ಕೊಂಡುಹೋದ ಮಗುವೇ ಉತ್ತರ ಹೇಳುವಷ್ಟು ಕಲಿತಿರಲಿ.